ಹೆಲಿಕಾಪ್ಟರ್ ಲೈಸೆನ್ಸೂ ನಮ್ಮ ವ್ಯಾಲಿಡಿಟಿಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ. ಬರೆದುಕೊಡು ಅಂದಿದ್ದಕ್ಕೆ ಮಾತಾಡಿದ ಹಾಗೇ ಬರೆದೀನಿ.)

ನಮ್ಮ ಅಧ್ಯಕ್ಷರು ನನಗೆ "ಶಿಕ್ಷಣದ ಮಹತ್ವದ ಬಗ್ಗೆ ಹತ್ತು ನಿಮಿಷ ಮಾತಾಡು" ಅಂದಿದ್ದರು. ಆ ವಿಷಯದ ಮೇಲೆ ಮಾತಾಡೋರು ಭಾಳ ಮಂದಿ ಇದ್ದಾರೆ, ನನಗಿಂತ ಚಲೋ ಮಾತಾಡ್ತಾರೆ. ನಾನು ಹೆಲಿಕಾಪ್ಟರ್ ಬಗ್ಗೆ ಮಾತಾಡ್ತೀನಿ. ನಗಬ್ಯಾಡ್ರಿ. ಬಿ.ಎ. ಓದೋ ಹುಡುಗನಿಗೂ ಹೆಲಿಕಾಪ್ಟರಿಗೂ ಏನು ಸಂಬಂಧ ಅಂತ ಕೇಳ್ತೀರಿ. ಸಂಬಂಧ ನಮ್ಮ ಮನಿಯೊಳಗೇ ಅದ.

ನಮ್ಮ ಸೀಮೆಯವರು ಹೆಲಿಕಾಪ್ಟರ್ ಯಾವಾಗ ನೋಡ್ತೀವಿ? ಚುನಾವಣೆ ಬಂದಾಗ, ಹೊಲದಾಗ ಸುಣ್ಣದ ಗೋಲ ಹಾಕಿ, ನೀರು ಹೊಡೆದು, ಧೂಳು ಏಳದಂಗ ಮಾಡಿದಾಗ. ಇಲ್ಲಂದ್ರ ದೊಡ್ಡ ಆಪತ್ತು ಬಂದಾಗ. 1993ರ ಸೆಪ್ಟೆಂಬರ್ 30ರ ನಸುಕಿನಾಗ ಕಿಲ್ಲಾರಿ ಭೂಕಂಪ ಆತಲ್ಲ, ನಮ್ಮ ಆಯಿ ಮೊದಲ ಸಲ ಹೆಲಿಕಾಪ್ಟರ್ ನೋಡಿದ್ದು ಅದರ ಮಾರನೇ ದಿನಗಳಲ್ಲಿ. "ಮ್ಯಾಲೆ ಅದು ತಿರುಗತಿತ್ತು, ಕೆಳಗ ನಾವು ಕಲ್ಲು ಸರಸತಿದ್ವಿ" ಅಂತ ಇವತ್ತಿಗೂ ಹೇಳ್ತಾಳ. ಉದಗೀರದವರ ಲೆಕ್ಕ ಸ್ವಲ್ಪ ಬ್ಯಾರೆ. ಬೀದರದ ವಾಯುಪಡೆ ನೆಲೆಯಿಂದ ಎದ್ದ ತರಬೇತಿ ವಿಮಾನಗಳ ಸಪ್ಪಳ ಅವರಿಗೆ ಹೊಸದಲ್ಲ.

ಆಮೇಲೆ 2017ರ ಮೇ 25. ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಅವರಿದ್ದ ಹೆಲಿಕಾಪ್ಟರ್ ನಿಲಂಗಾದಲ್ಲಿ ಮೇಲೆದ್ದ ಕೂಡಲೇ ತಂತಿಗೆ ಸಿಕ್ಕು ಕೆಳಗೆ ಬಿತ್ತು. ಒಳಗಿದ್ದವರೆಲ್ಲ ಬದುಕಿದರು. ಟಿವಿಯಲ್ಲಿ ದಿನವಿಡೀ ಅದೇ ತೋರಿಸಿದರು. ನನ್ನ ಕಾಕಾನ ಮಗ ಆಗ ಬ್ಯಾಸಗಿ ಸೂಟಿಗೆ ನಿಲಂಗಾದ ಅತ್ತಿ ಮನಿಗೆ ಹೋಗಿದ್ದ. ಓಡಿ ಹೋಗಿ, ಗರ್ದಿಯೊಳಗ ನುಗ್ಗಿ, ಪೊಲೀಸರ ಕೈಯಾಗ ಬೈಸಿಕೊಂಡು, ದೂರದಿಂದ ನೋಡಿ ಬಂದ. ಎಲ್ಲರೂ "ಸಾಹೇಬರಿಗೆ ಏನಾತು" ಅಂತ ಕೇಳ್ತಿದ್ದರಂತೆ. ಇವನೊಬ್ಬನೇ "ನಡಸಾವ ಯಾರು, ಅವನಿಗೇನಾತು" ಅಂತ ಕೇಳಿದನಂತೆ. ಬಿದ್ದ ಹೆಲಿಕಾಪ್ಟರ್ ನೋಡಿ ತಾನೂ ಹಾರಿಸಬೇಕು ಅಂದವ ಇಡೀ ಮರಾಠವಾಡದಾಗ ಇವನೊಬ್ಬನೇ ಇರಬೇಕು.

ಬಾರಾವಿ ಸೈನ್ಸ್ ಪಾಸಾದ. ಒಬ್ಬ ಏಜಂಟ್ ಸಿಕ್ಕ. ಹೆಸರು ಬ್ಯಾಡ. ಅವ ಹೇಳಿದ್ದಿಷ್ಟು: ಹೊರದೇಶಕ್ಕೆ ಹೋಗು, ಅಲ್ಲಿ ಹೆಲಿಕಾಪ್ಟರ್ ಕಲಿ, ಕಮರ್ಶಿಯಲ್ ಲೈಸೆನ್ಸ್ ತಗೋ, ಆ ಲೈಸೆನ್ಸ್ ಜಗತ್ತಿನಾಗ ಎಲ್ಲಾ ಕಡೆ ನಡೀತದ. ಭಾರತಕ್ಕೆ ಬಾ, ದುಬೈಗೆ ಹೋಗು, ನಿನ್ನ ಮರ್ಜಿ.

ನಮ್ಮ ಕಾಕಾ ಎಸ್‌ಟಿ ಬಸ್ಸಿನ ಡ್ರೈವರ್. ನಾಲ್ಕು ಎಕರೆ ಹೊಲ ಅದ, ಅದನ್ನು ಒತ್ತಿ ಹಾಕಬೇಕಾಗಿತ್ತು. ಕಾಕಾ ಹೆಚ್ಚು ಓದಿದವರಲ್ಲ, ಆದ್ರ ಲೈಸೆನ್ಸ್ ಅಂದ್ರ ಏನು ಅಂತ ಅವರಿಗಿಂತ ಚಲೋ ಗೊತ್ತಿರೋರು ನಮ್ಮ ಓಣಿಯಾಗ ಯಾರೂ ಇಲ್ಲ. ಅವರು ಕೇಳಿದ್ದು ಒಂದೇ ಮಾತು. "ನನ್ನ ಲೈಸೆನ್ಸ್ ಇಲ್ಲಿಂದು. ನಾ ಕಲಬುರಗಿಗೂ ಗಾಡಿ ಒಯ್ತೀನಿ, ಹೈದರಾಬಾದಿಗೂ ಒಯ್ತೀನಿ. ಬದಲಿ ಮಾಡ್ಸಿಕೊಂಡು ಬಾ ಅಂತ ಯಾರೂ ಅಂದಿಲ್ಲ. ಆದ್ರ ದೇಶನೇ ಬ್ಯಾರೆ ಆದ್ರ ನಡೀತದೇನು? ಕಾಗದದ ಮ್ಯಾಲ ತೋರಿಸು." ತಮ್ಮ ನನ್ನ ಹತ್ತಿರ ಬಂದ. ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿ, ಕಾಯದೆ ಕಲಮು ಓದಲಿಕ್ಕೆ ಅಂಜಿಕಿ ಇಲ್ಲ. ಇಬ್ಬರೂ ಕೂತು ಒಂದು ತಿಂಗಳು ಓದಿದ್ವಿ. ನಾವು ತಿಳಕೊಂಡಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

1944ರ ಡಿಸೆಂಬರ್ 7ಕ್ಕೆ ಅಮೇರಿಕಾದ ಶಿಕಾಗೋದಲ್ಲಿ 52 ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಇವತ್ತಿನ ವಿಮಾನಯಾನದ ಸಂವಿಧಾನ ಅಂದ್ರ ಅದೇ. ಅದರ 32ನೇ ಕಲಮು ಹೇಳ್ತದ: ವಿಮಾನ ಯಾವ ದೇಶದಲ್ಲಿ ನೋಂದಣಿ ಆಗ್ಯದೋ ಆ ದೇಶ ಕೊಟ್ಟ, ಇಲ್ಲವೆ ಆ ದೇಶ ಒಪ್ಪಿದ ಲೈಸೆನ್ಸ್ ಪೈಲಟನ ಹತ್ತಿರ ಇರಬೇಕು. ಅಂದ್ರ ಲೈಸೆನ್ಸ್ ಪೈಲಟನ ಹುಟ್ಟಿದೂರು ನೋಡೋದಿಲ್ಲ, ಹಾರುವ ಜಾಗ ನೋಡೋದಿಲ್ಲ, ಹೆಲಿಕಾಪ್ಟರಿನ ಬಾಲದ ಮೇಲೆ ಬರೆದ ಅಕ್ಷರ ನೋಡ್ತದ. ಭಾರತದ ಹೆಲಿಕಾಪ್ಟರಿನ ಮೇಲೆ 'ವಿಟಿ' ಅಂತ ಇರ್ತದ, ಅಮೇರಿಕಾದ್ದರ ಮೇಲೆ 'ಎನ್', ಇಂಗ್ಲೆಂಡಿನದರ ಮೇಲೆ 'ಜಿ'. ಭಾರತದ ಲೈಸೆನ್ಸ್ ಇದ್ದವ 'ವಿಟಿ' ಹೆಲಿಕಾಪ್ಟರನ್ನು ಪರವಾನಗಿ ಪಡೆದು ಪರದೇಶಕ್ಕೂ ಒಯ್ಯಬಹುದು. ಅದೇ ಮನುಷ್ಯ ಅಲ್ಲಿಳಿದು ಪಕ್ಕದಲ್ಲಿ ನಿಂತ ಪರದೇಶದ ಹೆಲಿಕಾಪ್ಟರಿನಲ್ಲಿ ಕೂತು ಕೆಲಸ ಮಾಡ್ತೀನಿ ಅಂದ್ರ ಆಗೋದಿಲ್ಲ. ಕಾಕಾನ ಬಸ್ಸಿಗೂ ಇದಕ್ಕೂ ತಿರುವುಮುರುವು ನೋಡ್ರಿ. ಅಲ್ಲಿ ಡ್ರೈವರನ ಲೈಸೆನ್ಸಿಗೆ ರಾಜ್ಯದ ಗಡಿ ಇಲ್ಲ, ಬಸ್ಸಿಗೆ ಪರ್ಮಿಟ್ ಬೇಕು. ಇಲ್ಲಿ ಹೆಲಿಕಾಪ್ಟರ್ ಗಡಿ ದಾಟ್ತದ, ಲೈಸೆನ್ಸ್ ತಡೀತದ.

ಹಂಗಾದ್ರ ಒಂದು ದೇಶದ ಪೈಲಟ್ ಇನ್ನೊಂದು ದೇಶದಾಗ ಹೆಂಗ ಕೆಲಸ ಮಾಡ್ತಾನ? ಎರಡು ದಾರಿ ಅದಾವು. ಒಂದು ವ್ಯಾಲಿಡೇಶನ್. ನಿನ್ನ ಹಳೇ ಲೈಸೆನ್ಸೇ ಇರಲಿ, ಇಷ್ಟು ದಿನದ ಮಟ್ಟಿಗೆ, ಇಂಥ ಕೆಲಸಕ್ಕೆ ನಾವು ಒಪ್ಪಿದ್ದೀವಿ ಅಂತ ಆ ದೇಶ ಹಾಕಿಕೊಡೋ ತಾತ್ಕಾಲಿಕ ಶಿಕ್ಕಾ. ಭಾರತವೂ ಹೊರಗಿನ ಪೈಲಟರಿಗೆ ಇಂಥ ತಾತ್ಕಾಲಿಕ ಅನುಮತಿ ಕೊಡ್ತದ. ಇನ್ನೊಂದು ಕನ್ವರ್ಶನ್. ಆ ದೇಶದ್ದೇ ಹೊಸ ಲೈಸೆನ್ಸ್ ತಗೊಳ್ಳೋದು. ಅದಕ್ಕೆ ಅವರ ಪರೀಕ್ಷೆ, ಅವರ ಡಾಕ್ಟರ್, ಅವರ ಪರೀಕ್ಷಕ.

ವ್ಯಾಲಿಡೇಶನ್ ಅಂದ ಕೂಡಲೇ ಹಿಂದ ಕೂತವರು ನಕ್ಕಿರಿ, ಕಾಣಿಸ್ತು. ಮಹಾರಾಷ್ಟ್ರದ ನಮ್ಮ ಹುಡುಗರಿಗೆ 'ವ್ಯಾಲಿಡಿಟಿ' ಅಂದ್ರ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಸರ್ಟಿಫಿಕೇಟ್ ಇದ್ರ ಸಾಲದು, ಅದು ಖರೇ ಅಂತ ಸಮಿತಿಯವರ ಇನ್ನೊಂದು ಸರ್ಟಿಫಿಕೇಟ್ ಬೇಕು. ಅದರ ಮಾತಿಗೆ ಆಮೇಲೆ ಬರ್ತೀನಿ.

ಕನ್ವರ್ಶನ್ ಒಂದೊಂದು ದೇಶದಾಗ ಒಂದೊಂದು ಥರ. ಅಮೇರಿಕಾದವರು ಹೊರಗಿನ ಲೈಸೆನ್ಸ್ ನೋಡಿ, ಅದು ಖರೇ ಅಂತ ಕೊಟ್ಟ ದೇಶದಿಂದ ಖಾತ್ರಿ ಮಾಡ್ಕೊಂಡು, ಖಾಸಗಿ ಪೈಲಟ್ ಮಟ್ಟದ ಪ್ರಮಾಣಪತ್ರ ಕೊಡ್ತಾರ. ಅದರ ಮೇಲೆ ಪಗಾರ ತಗೊಂಡು ಹಾರಿಸುವಂತಿಲ್ಲ. ಪಗಾರ ಬೇಕಂದ್ರ ಕಮರ್ಶಿಯಲ್ ಪರೀಕ್ಷೆ ಬರಿ, ಹಾರಿಸಿ ತೋರಿಸು. ಯುರೋಪಿನವರು ಇನ್ನೂ ಬಿಗಿ. ಇಂಗ್ಲೆಂಡಿನ ಕತಿ ಕೇಳ್ರಿ. ಯುರೋಪ್ ಒಕ್ಕೂಟದಾಗ ಇರೋತನಕ ಅಲ್ಲಿಯ ಲೈಸೆನ್ಸ್ ಎಲ್ಲಾ ಕಡೆ ನಡೀತಿತ್ತು. 2020ರ ಡಿಸೆಂಬರ್ 31ಕ್ಕೆ ಆ ವ್ಯವಸ್ಥೆ ಮುಗೀತು. 2021ರ ಜನವರಿ 1ಕ್ಕೆ ಅದೇ ಪೈಲಟ್, ಅದೇ ಕೈ, ಅದೇ ಹೆಲಿಕಾಪ್ಟರ್, ಆದ್ರ ಯುರೋಪಿನಲ್ಲಿ ನೋಂದಣಿ ಆದದ್ದನ್ನು ಹಾರಿಸಲಿಕ್ಕೆ ಇಂಗ್ಲೆಂಡಿನ ಲೈಸೆನ್ಸ್ ನಡೆಯದಂಗಾತು. ರಾತ್ರಿ ಮಲಗಿ ಏಳೋದರೊಳಗ ಕಾಗದ ಪರದೇಶಿ ಆತು. ಓದುವಾಗ ನನಗೆ ನಮ್ಮ ಮುತ್ತ್ಯಾ ನೆನಪಾದ. ಅದಕ್ಕೂ ಬರ್ತೀನಿ.

ಈಗ ಭಾರತಕ್ಕೆ ವಾಪಸ್ ಬರೋರ ಲೆಕ್ಕ. ನಮ್ಮಲ್ಲಿ ಲೈಸೆನ್ಸ್ ಕೊಡೋದು ಡಿಜಿಸಿಎ, ಅಂದ್ರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಹೊರಗೆ ಕಲಿತು ಬಂದವನಿಗೆ ಅದು ಕೇಳೋದು: ಲೈಸೆನ್ಸ್ ಕೊಟ್ಟ ದೇಶದಿಂದ ಖಾತ್ರಿ ಪತ್ರ ಬರಬೇಕು. ಭಾರತದ ವಾಯು ನಿಯಮಗಳ ಪರೀಕ್ಷೆ, ದಿಕ್ಕು ದಾರಿ ಮತ್ತು ಹವಾಮಾನದ ಪರೀಕ್ಷೆ ಪಾಸಾಗಬೇಕು, ನೂರಕ್ಕೆ 70 ಬರಬೇಕು. ನಮ್ಮ 35ರ ಪಾಸಿಂಗ್ ಅಲ್ಲ. ರೇಡಿಯೋದಲ್ಲಿ ಮಾತಾಡೋ ಪರವಾನಗಿ ಬ್ಯಾರೆ. ಮೊದಲ ದರ್ಜೆಯ ವೈದ್ಯಕೀಯ ತಪಾಸಣಿ ಬ್ಯಾರೆ. ಎಲ್ಲಕ್ಕಿಂತ ಮೊದಲು, ಬಾರಾವಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು. ಆರ್ಟ್ಸ್, ಕಾಮರ್ಸ್ ಮಾಡಿದ ಎಷ್ಟೋ ಹುಡುಗರು ಇದು ಗೊತ್ತಿಲ್ಲದೇ ಹೊರಗೆ ಹೋಗಿ ಕಲಿತು ಬಂದು, ಮತ್ತೆ ಮುಕ್ತ ಶಾಲೆಯಿಂದ ಆ ಎರಡು ವಿಷಯ ಬರೀತಾ ಕೂಡ್ತಾರ. ಏಜಂಟ್ ಇವುಗಳಲ್ಲಿ ಒಂದನ್ನೂ ಹೇಳಿರಲಿಲ್ಲ. ಕೇಳಿದಾಗ "ಅದೆಲ್ಲಾ ಫಾರ್ಮಾಲಿಟಿ" ಅಂದ.

ಫಾರ್ಮಾಲಿಟಿ ಅಲ್ಲ. ಯಾಕ ಮತ್ತೆ ಪರೀಕ್ಷೆ ಮಾಡ್ತಾರ ಅಂತ ನಾನೂ ಮೊದಲು ಸಿಟ್ಟಾಗಿದ್ದೆ. ಆಮೇಲೆ ತಿಳೀತು. ಬಿಸಿಗಾಳಿ ತೆಳುವಾಗಿರ್ತದ, ಎತ್ತರದ ಗಾಳಿಯೂ ತೆಳು. ತೆಳು ಗಾಳಿಯಾಗ ಮೇಲಿನ ರೆಕ್ಕೆಗೆ ಎತ್ತುವ ಬಲ ಕಡಿಮಿ. ತಂಪು ದೇಶದಾಗ ಐದು ಮಂದಿನ ಎತ್ತುವ ಹೆಲಿಕಾಪ್ಟರ್ ನಮ್ಮ ಮೇ ತಿಂಗಳ ಬಿಸಿಲಿನಾಗ ಅಷ್ಟೇ ಮಂದಿನ ಎತ್ತತದ ಅಂತ ಹೇಳಲಿಕ್ಕೆ ಬರೋದಿಲ್ಲ. ನೇಪಾಳದಾಗ ಬೆಟ್ಟ. ಮುಂಬಯಿ ಹೈ ಕಡೆ ಎಣ್ಣೆ ಬಾವಿಗೆ ಮಂದಿನ ಒಯ್ಯೋರಿಗೆ ಕೆಳಗೆಲ್ಲಾ ಸಮುದ್ರ. ನೀರಿನಾಗ ಬಿದ್ದ ಹೆಲಿಕಾಪ್ಟರಿನಿಂದ ಹೊರಬೀಳೋ ತರಬೇತಿನೇ ಬ್ಯಾರೆ ಅದ. 1985ರಲ್ಲಿ ಸರಕಾರ ಪವನ್ ಹಂಸ್ ಕಂಪನಿ ಕಟ್ಟಿದ್ದೇ ಮುಖ್ಯವಾಗಿ ಆ ಎಣ್ಣೆ ಬಾವಿಗಳ ಕೆಲಸಕ್ಕೆ. ಆದ್ದರಿಂದ ಮತ್ತೊಮ್ಮೆ ಕೇಳ್ತಾರ. ಕೇಳಲಿ.

ಹಂಗಂತ ಎಲ್ಲಾ ಮೊದಲಿನಿಂದ ಮಾಡಬೇಕಾಗಿಲ್ಲ. ಗಡಿ ದಾಟಿ ಬರೋದೂ ಅದ. ಶಿಕಾಗೋ ಒಪ್ಪಂದದಿಂದ ಹುಟ್ಟಿದ ಐಕಾವೊ ಸಂಸ್ಥೆ ಎಲ್ಲಾ ದೇಶಕ್ಕೂ ಕನಿಷ್ಠ ಮಟ್ಟ ಹಾಕಿಕೊಟ್ಟದ. ಹೆಲಿಕಾಪ್ಟರ್ ಕಮರ್ಶಿಯಲ್ ಲೈಸೆನ್ಸಿಗೆ 150 ತಾಸು ಹಾರಿರಬೇಕು, ಮಂಜೂರಾದ ಕೋರ್ಸಿನೊಳಗೇ ಕಲಿತರೆ 100. ಆ ತಾಸುಗಳು ನಿನ್ನವು. ಲೈಸೆನ್ಸ್ ಪರದೇಶಿ ಆದ್ರೂ ತಾಸು ಪರದೇಶಿ ಆಗೋದಿಲ್ಲ, ಆದ್ರ ಬರೆದಿಟ್ಟಿರಬೇಕು. ಅದಕ್ಕ ಲಾಗ್‌ಬುಕ್ ಅಂತಾರ. ಯಾವ ದಿನ, ಯಾವ ಹೆಲಿಕಾಪ್ಟರ್, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಕಲಿಸಿದವರ ಸಹಿ. ನಮ್ಮ ಕಾಕಾ ಇದನ್ನ ಕೇಳಿ ಭಾಳ ಖುಷಿಯಾದರು. "ಮೂವತ್ತು ವರ್ಷ ಗಾಡಿ ಹೊಡದೀನಿ, ನನ್ನ ತಾಸು ಯಾರು ಬರದಾರ?" ಅಂದರು. ಖುಷಿಯಾದರು ಅಂದ್ನಲ್ಲ, ಪೂರಾ ಖುಷಿ ಅಲ್ಲ ಅದು.

ಇಂಗ್ಲಿಷಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ತೀನಿ, ಯಾಕಂದ್ರ ನಮ್ಮ ಹುಡುಗರು ಅಲ್ಲೇ ಕಾಲು ಹಿಂದಕ್ಕ ತೆಗೀತಾರ. 2008ರ ಮಾರ್ಚ್‌ನಿಂದ ಅಂತರರಾಷ್ಟ್ರೀಯ ಹಾರಾಟಕ್ಕೆ ಪೈಲಟರ ಇಂಗ್ಲಿಷ್ ಮಾತನ್ನು ಅಳೀತಾರ. ಒಟ್ಟು ಆರು ಮಟ್ಟ, ನಾಲ್ಕನೇದು ಬಂದ್ರ ಸಾಕು. ಉಚ್ಚಾರ, ವಾಕ್ಯ ರಚನೆ, ಶಬ್ದ, ಸರಾಗ, ಕೇಳಿ ತಿಳಿಯೋದು, ಉತ್ತರ ಕೊಡೋದು, ಇಷ್ಟು ನೋಡ್ತಾರ. ನಾಲ್ಕನೇ ಮಟ್ಟದಾಗ ನಿನ್ನ ಊರಿನ ಧಾಟಿ ಇರಬಾರದು ಅಂತ ಇಲ್ಲ. ಧಾಟಿ ಇರಲಿ, ಎದುರಿನವನಿಗೆ ತಿಳೀಲಿ ಅಂತದ. ಫ್ರಾನ್ಸಿನವನೂ ಕೊರಿಯಾದವನೂ ಇದನ್ನೇ ಕೊಡ್ತಾನ. ಮನಿಯಾಗ ಕನ್ನಡ, ಸಾಲಿಯಾಗ ಮರಾಠಿ, ಬಸ್‌ಸ್ಟ್ಯಾಂಡಿನಾಗ ದಖನಿ ಹಿಂದಿ ಮಾತಾಡೋ ನಮಗೆ ನಾಲ್ಕನೇ ಭಾಷೆ ಕಲಿಯೋದು ಕಷ್ಟ ಅಂತ ಯಾರು ಹೇಳಿದ್ರು? ನಮಗ ಕಷ್ಟ ಆಗೋದು ನಾಲ್ಕು ಮಂದಿ ಮುಂದ ತಪ್ಪು ಮಾತಾಡೋದು. ಅದು ಭಾಷೆಯ ಕಷ್ಟ ಅಲ್ಲ.

ಈಗ ಮುತ್ತ್ಯಾನ ಮಾತು. ನಮ್ಮ ತಾಯಿ ಕಡೆಯ ಮುತ್ತ್ಯಾ ನಿಲಂಗಾ ತಾಲೂಕಿನವ. 1956ರ ತನಕ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಾಗಿದ್ದವು, ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆ ಆತು. ಬೀದರ ಮೈಸೂರಿಗೆ ಹೋತು, ಈ ಮೂರು ತಾಲೂಕು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಬಂದವು. 1982ರಲ್ಲಿ ಲಾತೂರ ಜಿಲ್ಲೆ ಆತು. ಮುತ್ತ್ಯಾ ತನ್ನ ಗುಡಿಸಲು ಬಿಟ್ಟು ಕದಲಲಿಲ್ಲ. ಅವನ ಜಿಲ್ಲೆ, ರಾಜ್ಯ, ಕಚೇರಿಯ ಭಾಷೆ ಎಲ್ಲಾ ಬದಲಾತು. ಈಗ ಅವನ ಮೊಮ್ಮಗಳು ವ್ಯಾಲಿಡಿಟಿಗೆ ಅರ್ಜಿ ಹಾಕಬೇಕಂದ್ರ ಪರಿಶಿಷ್ಟ ಜಾತಿಯವರಿಗೆ 1950ರ ಆಗಸ್ಟ್ 10ಕ್ಕಿಂತ ಹಿಂದಿನ ಪುರಾವೆ ಕೇಳ್ತಾರ, ಯಾಕಂದ್ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶ ಹೊರಟದ್ದು ಆ ದಿನ. ಆಗಿನ ಕಾಗದ ಉರ್ದುವಿನಾಗ, ಜಿಲ್ಲೆ ಬೀದರ. ಓದೋರು ಊರಿಗೊಬ್ಬರು ಉಳಿದಾರ.

ಇನ್ನ ನಮ್ಮ ವೈನಿ. ಮಾಂಜ್ರಾ ಹೊಳಿಯ ಆಚಿ ದಂಡಿಯವಳು, ಬೀದರ ಜಿಲ್ಲೆ. ಡಿ.ಎಡ್. ಓದ್ಯಾಳ. ಅವಳ ಅಪ್ಪನ ಜಾತಿ ಸರ್ಟಿಫಿಕೇಟ್ ಕರ್ನಾಟಕದ್ದು. ಮದುವಿ ಆಗಿ ಈಚಿ ದಂಡಿಗೆ ಬಂದಳು. ಇಲ್ಲಿಯ ರಾಜ್ಯ ಸರಕಾರದ ಭರತಿಗೆ ಆ ಸರ್ಟಿಫಿಕೇಟ್ ನಡೆಯಲಿಲ್ಲ, ಓಪನ್‌ನಾಗ ಅರ್ಜಿ ಹಾಕಿದಳು. ಯಾವ ಕಾರಕೂನನ ತಪ್ಪೂ ಅಲ್ಲ ಇದು. ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯಕ್ಕೊಂದು. ಒಂದು ರಾಜ್ಯದ ಪಟ್ಟಿಯವರು ಇನ್ನೊಂದು ರಾಜ್ಯಕ್ಕೆ ಹೋದ್ರ ಅಲ್ಲಿಯ ಸವಲತ್ತು ತಾನಾಗಿ ಸಿಗೋದಿಲ್ಲ ಅಂತ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳ್ಯದ. ಕೇಂದ್ರದ ನೌಕರಿಗೆ ನಡೀತದ, ಅವಳ ಮಕ್ಕಳಿಗೆ ಅಪ್ಪನ ಕಡೆಯಿಂದ ಇಲ್ಲಿಯದೇ ಸಿಗ್ತದ. ಅವಳಿಗೆ ಮಾತ್ರ ಇಲ್ಲ.

ಪೈಲಟನಿಗೂ ವೈನಿಗೂ ಇರೋ ಫರಕು ಇಲ್ಲೇ ಅದ. ಪೈಲಟನ ಲೈಸೆನ್ಸ್ ಗಡಿಯಲ್ಲಿ ನಿಂತ್ರ ಅವನಿಗೆ ಒಂದು ಪರೀಕ್ಷೆ ಕೊಡ್ತಾರ. ಪಾಸಾದ್ರ ದಾಟ್ತಾನ. ನಮ್ಮ ವೈನಿ ಯಾವ ಪರೀಕ್ಷೆ ಬರೀಬೇಕು? ಆದ್ರ ಅವಳ ಜಾತಿಗೆ ವ್ಯಾಲಿಡಿಟಿ ಬೇಕಾಗಲಿಲ್ಲ ನೋಡ್ರಿ. ಬಾಡಿಗೆ ಮನಿ ಕೇಳಲಿಕ್ಕೆ ಹೋದ ದಿನಾನೇ ಹೊಳಿ ದಾಟಿ ಅವಳ ಸಂಗಡ ಬಂದಿತ್ತು.

ಬಾಬಾಸಾಹೇಬರು ಇದನ್ನ ನಮಗಿಂತ ನೂರು ವರ್ಷ ಮೊದಲು ಕಂಡರು. ಬಡೋದೆಯ ಸ್ಕಾಲರ್‌ಶಿಪ್ ಮೇಲೆ 1913ರಲ್ಲಿ ಕೊಲಂಬಿಯಾಕ್ಕೆ ಹೋಗಿ ಓದಿ, ಲಂಡನ್ನಿಗೂ ಹೋಗಿ, 1917ರಲ್ಲಿ ಬಡೋದೆಯ ನೌಕರಿಗೆ ಬಂದರು. ಪರದೇಶದ ಪದವಿಯನ್ನು ಸಂಸ್ಥಾನ ಒಪ್ಪಿತು, ಊರಿನಾಗ ಇರಲಿಕ್ಕೆ ಒಂದು ಕೋಣೆ ಸಿಗಲಿಲ್ಲ. ಅವರು ತಮ್ಮ ಬದುಕಿನ ಇಂಥ ಪ್ರಸಂಗಗಳನ್ನು ಬರೆದಿಟ್ಟ ಪುಸ್ತಿಕೆಯ ಹೆಸರೇ 'ವೀಸಾಕ್ಕಾಗಿ ಕಾಯುತ್ತ' ಅಂತ. ಮತ್ತೆ ಲಂಡನ್ನಿಗೆ ಹೋದರು, ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆದರು, 1923ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಸುರು ಮಾಡಿದರು. ಅಲ್ಲಿ ಪಡೆದ ಸನದು ಇಲ್ಲಿ ನಡೀತದೋ ಇಲ್ಲೋ ಅಂತ ಮೊದಲೇ ತಿಳಿದು ಪಡೆದ ಮನುಷ್ಯ ಅವರು. ನಾನು ತಮ್ಮನಿಗೆ ಹೇಳಿದ್ದೂ ಇಷ್ಟೇ: ಹೋಗೋದು ತಪ್ಪಲ್ಲ, ವಾಪಸ್ ಬರೋ ಬಾಗಿಲು ನೋಡಿಕೊಂಡು ಹೋಗು.

ನಾವು ಏನು ಮಾಡಿದ್ವಿ ಅಂತ ಹೇಳಿ ಮುಗಸ್ತೀನಿ. ಹೊಲ ಒತ್ತಿ ಹಾಕಲಿಲ್ಲ. ಮೊದಲು ಮೆಡಿಕಲ್. ಕಣ್ಣು, ಕಿವಿ, ಹೃದಯ ಸರಿ ಇಲ್ಲದಿದ್ರ ಎಷ್ಟು ಲಕ್ಷ ಹಾಕಿದ್ರೂ ಉಪಯೋಗ ಇಲ್ಲ, ಆದ್ರ ಮಂದಿ ರೊಕ್ಕ ಕಟ್ಟಿದ ಮೇಲೆ ಡಾಕ್ಟರ ಹತ್ತಿರ ಹೋಗ್ತಾರ. ಇವನದು ಸರಿ ಬಂತು. ಆಮೇಲೆ ಪರೀಕ್ಷೆ. ಡಿಜಿಸಿಎ ಬರವಣಿಗೆ ಪರೀಕ್ಷೆಗಳನ್ನು ಹಾರಲಿಕ್ಕೆ ಕಲಿಯೋ ಮೊದಲೇ ಬರೀಬಹುದು. ನಿಯಮದ ಪೇಪರ್ ಪಾಸಾದ, ಹವಾಮಾನ ಪಾಸಾದ, ನ್ಯಾವಿಗೇಶನ್‌ನಾಗ ಒಮ್ಮೆ ನಪಾಸಾದ, ಈಗ ಮತ್ತೆ ಕಟ್ಟ್ಯಾನ. ಇದರ ಖರ್ಚು ಪುಸ್ತಕ, ಫೀ, ಬಸ್ ಚಾರ್ಜು.

ಇನ್ನೊಂದು ಸಂಗತಿ ಸಿಕ್ತು, ಅದನ್ನ ದಪ್ಪ ಅಕ್ಷರದಾಗ ಅಚ್ಚು ಮಾಡ್ರಿ ಅಂತ ಸಂಪಾದಕರಿಗೆ ಹೇಳೀನಿ. ನಾವೆಲ್ಲ ಮಹಾಡಿಬಿಟಿಯಲ್ಲಿ ತುಂಬೋ ಪರಿಶಿಷ್ಟ ಜಾತಿಯ ಪೋಸ್ಟ್ ಮ್ಯಾಟ್ರಿಕ್ ಸ್ಕಾಲರ್‌ಶಿಪ್ ಅದಲ್ಲ, ಅದರ ಕೇಂದ್ರ ನಿಯಮದ ಮೊದಲನೇ ಗುಂಪಿನ ಕೋರ್ಸುಗಳಾಗ ಡಾಕ್ಟರಿ, ಇಂಜಿನಿಯರಿಂಗ್ ಸಂಗಡ ಕಮರ್ಶಿಯಲ್ ಪೈಲಟ್ ಲೈಸೆನ್ಸ್ ಅದ, ಅದರಾಗ ಹೆಲಿಕಾಪ್ಟರ್ ಪೈಲಟ್ ಅಂತ ಬಿಡಿಸಿ ಬರೆದದ. ನಮ್ಮ ಸಲುವಾಗಿ ಬರೆದ ನಿಯಮ. ನಮ್ಮ ಮೂರು ತಾಲೂಕಿನಾಗ ಇದನ್ನ ಓದಿದವರು ನನಗಿನ್ನೂ ಒಬ್ಬರೂ ಸಿಕ್ಕಿಲ್ಲ. ಇದು ಭಾರತದೊಳಗ ಕಲಿಯೋರಿಗೆ ಮಾತ್ರ, ಹೊರದೇಶಕ್ಕೆ ಹೋದ್ರ ಇಲ್ಲ. ರಾಜರ್ಷಿ ಶಾಹು ಮಹಾರಾಜರ ಹೆಸರಿನ ಪರದೇಶ ಸ್ಕಾಲರ್‌ಶಿಪ್ ಅದ, ಅದು ಸ್ನಾತಕೋತ್ತರ ಮತ್ತು ಪಿಎಚ್‌ಡಿ ಓದಿಗೆ. ಎರಡನ್ನೂ ಕಲಸಬ್ಯಾಡ್ರಿ.

ಸೈನ್ಯದ ದಾರಿಯೂ ಅದ. ಭಾರತದಾಗ ಹೆಲಿಕಾಪ್ಟರ್ ಹಾರಿಸೋ ನಾಗರಿಕ ಪೈಲಟರಲ್ಲಿ ಭಾಳ ಮಂದಿ ಸೈನ್ಯದಿಂದ ಬಂದವರು. ಅವರೂ ಸೈನ್ಯದ ತಾಸು ತೋರಿಸಿ, ಪರೀಕ್ಷೆ ಬರೆದು, ಡಿಜಿಸಿಎ ಲೈಸೆನ್ಸ್ ತಗೋಬೇಕು. ಅದೂ ಕನ್ವರ್ಶನ್ನೇ. ಕಲಿಯೋ ಖರ್ಚು ಮನಿಯಿಂದ ಹಾಕಬೇಕಾಗಿಲ್ಲ ಅನ್ನೋದು ದೊಡ್ಡ ಮಾತು. ಅಕ್ಕತಂಗಿಯರಿಗೂ ಹೇಳ್ತೀನಿ, ಎನ್‌ಡಿಎ ಬಾಗಿಲು ಈಗ ಹುಡುಗಿಯರಿಗೂ ತೆರೆದದ. 2022ರಲ್ಲಿ ಕ್ಯಾಪ್ಟನ್ ಅಭಿಲಾಷಾ ಬರಾಕ್ ಭೂಸೈನ್ಯದ ಏವಿಯೇಶನ್ ವಿಭಾಗದ ಮೊದಲ ಮಹಿಳಾ ಯುದ್ಧ ಪೈಲಟ್ ಆದರು.

ಕಡೀ ಮಾತು ಹೆಸರಿನದು. ಸಣ್ಣದು ಅನಿಸ್ತದ, ಆದ್ರ ತಮ್ಮನ ಎರಡು ತಿಂಗಳು ತಿಂದದ್ದು ಇದೇ. ದಹಾವಿ ಸರ್ಟಿಫಿಕೇಟಿನಾಗ ಆಡನಾಂವ ಮೊದಲು, ಆಧಾರದಾಗ ಕಡೀಗೆ. ಒಂದರಾಗ ಕಾಂಬಳೆ, ಇನ್ನೊಂದರಾಗ ಕಾಂಬ್ಳೆ. ಅಪ್ಪನ ಹೆಸರಿಗೆ ಸಾಲಿ ಮಾಸ್ತರರು ಹಾಕಿದ 'ರಾವ್' ಜಾತಿ ಸರ್ಟಿಫಿಕೇಟಿನಾಗ ಇಲ್ಲ. ಒಂದು ದೇಶ ಇನ್ನೊಂದು ದೇಶಕ್ಕೆ "ಈ ಮನುಷ್ಯ ಇವನೇನಾ" ಅಂತ ಪತ್ರ ಬರೆದು ಕೇಳೋವಾಗ ಒಂದು ಅಕ್ಷರದ ಫರಕು ಆದ್ರ ಕಾಗದ ಅಲ್ಲೇ ಕೂಡ್ತದ. ವ್ಯಾಲಿಡಿಟಿ ಫೈಲೂ ಹಂಗೇ ಕೂಡ್ತದ, ನಿಮಗೆಲ್ಲ ಗೊತ್ತದ.

ಅದಕ್ಕ ನಾನು, ತಮ್ಮ, ಇನ್ನಿಬ್ಬರು ಗೆಳೆಯರು ಕೂಡಿ ಬರೋ ರವಿವಾರದಿಂದ ಮುಂಜಾನೆ ಹತ್ತಕ್ಕ ಸಮಾಜ ಮಂದಿರದಾಗ ಕೂಡ್ತೀವಿ. ಸಾಲಿ ಬಿಟ್ಟ ದಾಖಲೆ, ಆಧಾರ, ಜಾತಿ ಸರ್ಟಿಫಿಕೇಟ್, ಅಪ್ಪನದು, ಸಿಕ್ಕರೆ ಮುತ್ತ್ಯಾನದು, ಎಲ್ಲದರ ಝೆರಾಕ್ಸ್ ತಗೊಂಡು ಬರ್ರಿ. ಮೂರೂ ತಾಲೂಕಿನವರು ಬರಬಹುದು, ಹೊಳಿಯ ಆಚಿ ದಂಡಿಯವರೂ ಬರಬಹುದು. ಉರ್ದು ಓದೋ ಒಬ್ಬ ಅಜ್ಜ ಬರ್ತೀನಿ ಅಂದಾರ, ಅವರಿಗೆ ಚಾದ ವ್ಯವಸ್ಥೆ ಸಂಘದವರು ನೋಡಿಕೊಳ್ಳಬೇಕು.